ಆರೋ, ಒಂಬತ್ತೋ?

ಹೊನ್ನವಳ್ಳಿ ಕಡೆಯ ಯಜಮಾನರೊಬ್ಬರು ಒಂದು ಮಧ್ಯಾಹ್ನ ನನ್ನ ಮೇಜಿನ ಮೇಲೆ ಕ್ರಯಪತ್ರದ ನಕಲು ಹಾಸಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ರೈಟರೇ, ಇದು ಆರೋ, ಒಂಬತ್ತೋ?’

ಚೆಕ್ಕುಬಂದಿಯ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿ ಹೇಳುವ ಸಾಲು ಅದು. ಪಶ್ಚಿಮಕ್ಕೆ ಸರ್ವೆ ನಂಬರ್ ೬೬ ಎಂದಿತ್ತು. ಇರಬೇಕಾದದ್ದು ೬೯. ಮೂಲಪತ್ರದ ಫೋಟೋವನ್ನು ಅವರ ಮಗ ವಾಟ್ಸಾಪಿನಲ್ಲಿ ಕಳಿಸಿದ್ದ. ಅದನ್ನು ಲ್ಯಾಪ್‌ಟಾಪಿನಲ್ಲಿ ಓದಿ ಒಂದು ಸಲ ತಪ್ಪಿದ್ದೆ, ಟೈಪ್ ಮಾಡಿದ ಮೇಲೆ ಅದೇ ಪರದೆಯಲ್ಲಿ ತಾಳೆ ನೋಡಿ ಇನ್ನೊಂದು ಸಲ ತಪ್ಪಿದ್ದೆ. ಕನ್ನಡದ ಆರಕ್ಕೂ ಒಂಬತ್ತಕ್ಕೂ ಕೊಕ್ಕೆ ಎತ್ತ ತಿರುಗಿದೆ ಎಂಬುದಷ್ಟೇ ವ್ಯತ್ಯಾಸ. ಕಾಗದದ ಮೇಲೆ ಅದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತಿತ್ತು. ಪರದೆಯಲ್ಲಿ ಎರಡೂ ಒಂದೇ ಬೂದು ಗಂಟು.

ತಿದ್ದುಪಡಿ ಪತ್ರ ಮಾಡಿಸಬೇಕಾಯಿತು. ಕೊಂಡವರು, ಕೊಟ್ಟವರು, ಸಾಕ್ಷಿಗಳು ಎಲ್ಲರೂ ಇನ್ನೊಂದು ದಿನ ಕೆಲಸ ಬಿಟ್ಟು ಬಂದರು. ಖರ್ಚು ನಾನೇ ಹಾಕಿಕೊಂಡೆ. ಯಜಮಾನರು ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ತಿಪಟೂರಿನಲ್ಲಿ ದಸ್ತಾವೇಜು ಬರೆಯುವುದು ನನ್ನ ಕಸುಬು. ಮುಂಚೆ ಕರಡನ್ನು ಮುದ್ರಿಸಿ, ಕೆಂಪು ಪೆನ್ನು ಹಿಡಿದು ಓದುತ್ತಿದ್ದೆ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಕರಡು ಮೊದಲೇ ಆನ್‌ಲೈನ್‌ನಲ್ಲಿ ಏರಬೇಕು. ಹಾಗಾಗಿ ಓದುವುದು, ತಿದ್ದುವುದು, ಕಕ್ಷಿದಾರರಿಗೆ ತೋರಿಸುವುದು ಎಲ್ಲವೂ ಪರದೆಯ ಮೇಲೇ ಮುಗಿಯುತ್ತದೆ. ಮಾರುವ ಜಮೀನಿನ ನಂಬರಿಗಾದರೆ ಪಹಣಿಯ ಆಸರೆ ಇರುತ್ತದೆ. ಚೆಕ್ಕುಬಂದಿಗೆ ನಮ್ಮ ಕಣ್ಣೇ ಗತಿ.

ಆ ಲ್ಯಾಪ್‌ಟಾಪನ್ನು 2019ರಲ್ಲಿ ಹೊಸದಾಗಿಯೇ ಕೊಂಡಿದ್ದೆ. ನಮ್ಮ ಕಡೆ ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ನಾನು ಕೇಳಿದ್ದು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ವಾರಂಟಿ ಎಷ್ಟು ವರ್ಷ, ಇಷ್ಟೇ. ‘ಬಿಸಿನೆಸ್ ಸೀರೀಸ್ ಸಾರ್, ಕಲ್ಲು ಇದ್ದಂಗಿದೆ’ ಎಂದ ಅಂಗಡಿಯ ಹುಡುಗ. ಸುಳ್ಳೇನಲ್ಲ. ಕೀಲು ಸಡಿಲವಾಗಲಿಲ್ಲ, ಕೀಬೋರ್ಡ್ ಇವತ್ತಿಗೂ ಗಟ್ಟಿ. ಆದರೆ ಬಿಸಿನೆಸ್ ಲ್ಯಾಪ್‌ಟಾಪ್ ಎಂದರೆ ಎಲ್ಲವೂ ಮೇಲ್ದರ್ಜೆಯದು ಎಂದುಕೊಂಡದ್ದು ನನ್ನ ದಡ್ಡತನ. ದೊಡ್ಡ ಕಂಪನಿಗಳು ನೂರಾರು ಯಂತ್ರ ಒಟ್ಟಿಗೆ ಕೊಳ್ಳುತ್ತವೆ, ಅಲ್ಲಿ ಬಹಳ ಮಂದಿ ಮೇಜಿನ ಮೇಲಿನ ದೊಡ್ಡ ಮಾನಿಟರಿಗೆ ಸಿಕ್ಕಿಸಿಕೊಂಡೇ ಕೆಲಸ ಮಾಡುತ್ತಾರೆ. ಹಾಗಾಗಿ ಬೆಲೆ ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವ ಜಾಗಗಳಲ್ಲಿ ಪರದೆಯೂ ಒಂದು. ನನ್ನಂಥ ಒಂಟಿ ಕುರ್ಚಿಯ ಆಫೀಸಿನವನಿಗೆ ಆ ಪರದೆಯೇ ಸರ್ವಸ್ವ.

ನನ್ನದು 15.6 ಇಂಚು, 1366×768 ಚುಕ್ಕೆಗಳ ಪರದೆ. ಅಂದರೆ ಒಂದು ಇಂಚಿಗೆ ಸುಮಾರು ನೂರು ಚುಕ್ಕೆ. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಅದರಲ್ಲಿ ಸಿಗುವುದು 16 ಚುಕ್ಕೆಗಳ ಎತ್ತರ. ಇಂಗ್ಲಿಷಿಗೆ ಅಷ್ಟು ಸಾಕಾಗಬಹುದು. ನಮ್ಮ ಅಕ್ಷರದ ಸಂಸಾರ ದೊಡ್ಡದು: ತಲೆಕಟ್ಟು, ಗುಡಿಸು, ಕೊಂಬು, ಕೆಳಗೆ ಒತ್ತು, ಒಮ್ಮೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ‘ರಾಷ್ಟ್ರ’ದ ಷ ತನ್ನ ಎರಡು ಒತ್ತುಗಳೊಂದಿಗೆ ಅಷ್ಟರಲ್ಲೇ ಹೊಂದಿಕೊಳ್ಳಬೇಕು. ದಕ್ಕೂ ಧಕ್ಕೂ, ಬಕ್ಕೂ ಭಕ್ಕೂ ಇರುವುದು ಕೆಳಗಿನ ಒಂದು ಸಣ್ಣ ಸೀಳಿನ ಅಂತರ, ಆ ಸೀಳಿಗೆ ಬರುವುದು ಒಂದೋ ಎರಡೋ ಚುಕ್ಕೆ. ದಾನಪತ್ರದಲ್ಲಿ ದನ ಬರೆದೆನೋ ಧನ ಬರೆದೆನೋ ಎಂದು ಅನುಮಾನಪಡುತ್ತಾ ಎಷ್ಟು ದಿನ ಕಸುಬು ಮಾಡಲಾದೀತು?

14 ಇಂಚಿನಲ್ಲಿ 1920×1080 ಇದ್ದರೆ ಇಂಚಿಗೆ 157 ಚುಕ್ಕೆ. ವಿಂಡೋಸಿನಲ್ಲಿ ಅಳತೆಯನ್ನು ಶೇಕಡಾ 150ಕ್ಕೆ ಏರಿಸಿದರೆ ಅಕ್ಷರ ಕಣ್ಣಿಗೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಆದರೆ ಅದನ್ನು ಬಿಡಿಸಲು 16ರ ಬದಲು 24 ಚುಕ್ಕೆ ಸಿಗುತ್ತದೆ. ಲೆಕ್ಕ ಇಷ್ಟು ಸುಲಭ. ನನಗೆ ಅದು ತಲೆಗೆ ಹೊಕ್ಕಿದ್ದು ತಿದ್ದುಪಡಿ ಪತ್ರ ಆದ ಮೇಲೆ.

ಹೊಸದಕ್ಕೆ ದುಡ್ಡಿರಲಿಲ್ಲ. ಹಳೆಯದಕ್ಕೇ ಬೇರೆ ಪರದೆ ಹಾಕಿಸೋಣವೆಂದರೆ, ಕೇಬಲ್ಲೂ ಬೇರೆ ಬೇಕು, ಕೂರುತ್ತದೋ ಇಲ್ಲವೋ ಎಂದು ರಿಪೇರಿಯವನು ರಾಗ ಎಳೆದ. ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್‌ಗಳು ಅಲ್ಲಿ ಇಟ್ಟಿಗೆಯ ಹಾಗೆ ಪೇರಿಸಿರುತ್ತವೆ. ಈ ಸಲ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ನಾಲ್ಕೇ ಫೈಲು: ೬೬, ೬೯, ದನ, ಧನ, ಬಾರ, ಭಾರ, ಸ್ತ್ರೀ, ರಾಷ್ಟ್ರ ಎಂದು ಹನ್ನೆರಡು ಪಾಯಿಂಟಿನಲ್ಲಿ ಟೈಪ್ ಮಾಡಿದ ಒಂದು ಹಾಳೆ, ಯಜಮಾನರ ಮೂಲಪತ್ರದ ಅದೇ ಫೋಟೋ, ಒಂದು ಪೂರ್ತಿ ಬಿಳಿ ಪುಟ, ಒಂದು ಪೂರ್ತಿ ಕಪ್ಪು ಪುಟ.

ಮೊದಲ ಅಂಗಡಿಯವ ಹಾಳೆ ನೋಡಿ ನಕ್ಕ. ‘ಏನ್ ಸಾರ್ ಇದು, ಕಣ್ ಡಾಕ್ಟರ್ ಬೋರ್ಡಾ?’

ಹೆಚ್ಚುಕಡಿಮೆ ಅದೇ. ಆದರೆ ಕಣ್ಣಿನ ಪರೀಕ್ಷೆಗೆ ಬೆಳಕು ಮುಖ್ಯ. ಅಂಗಡಿಯ ಒಳಗಿನ ಟ್ಯೂಬ್‌ಲೈಟಿನಲ್ಲಿ, ಚಾರ್ಜರ್ ಸಿಕ್ಕಿಸಿ, ಹೊಳಪನ್ನು ಕೊನೆಯವರೆಗೂ ಎಳೆದು ಇಟ್ಟರೆ ಯಾವ ಪರದೆಯೂ ಮದುಮಗಳೇ. ನನ್ನ ಆಫೀಸಿನ ಷಟರ್ ಪಶ್ಚಿಮಕ್ಕೆ ತೆರೆಯುತ್ತದೆ, ನಾಲ್ಕು ಗಂಟೆಯ ಬಿಸಿಲು ನೇರ ಮೇಜಿಗೇ ಬರುತ್ತದೆ. ಹಾಗಾಗಿ ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಬಾಗಿಲಿಗೆ ತಂದು, ರಸ್ತೆಗೆ ಬೆನ್ನು ಹಾಕಿ ನಿಂತು ನೋಡಿದೆ. ಒಂದರಲ್ಲಿ ನನ್ನ ಮುಖ, ಹಿಂದೆ ನಿಂತ ಆಟೋ, ಅದರ ಮೀಟರ್ ಎಲ್ಲವೂ ಕಂಡವು, ಅಕ್ಷರ ಕಾಣಲಿಲ್ಲ. ಹೊಳೆಯುವ ಗಾಜಿನ ಪರದೆ ಅದು. ಇನ್ನೊಂದು ಚಾರ್ಜರ್ ಕಿತ್ತ ಕೂಡಲೇ ಸಪ್ಪೆಯಾಯಿತು. ಬ್ಯಾಟರಿ ಉಳಿಸಲು ಹೊಳಪನ್ನು ತಾನೇ ತಗ್ಗಿಸುವ ಏರ್ಪಾಡು ಹಲವು ಯಂತ್ರಗಳಲ್ಲಿರುತ್ತದೆ, ಕೆಲವುಗಳಲ್ಲಿ ಅದನ್ನು ನಿಲ್ಲಿಸಬಹುದು.

ಹೊಳಪಿನ ಅಳತೆ ನಿಟ್. ಬಿಸಿನೆಸ್ ಲ್ಯಾಪ್‌ಟಾಪುಗಳಲ್ಲಿ 250 ಸಾಮಾನ್ಯ, 300 ಪರವಾಗಿಲ್ಲ, ಕಿಟಕಿ ಬಾಗಿಲ ಪಕ್ಕ ಕೂರುವವರಿಗೆ 400 ಇದ್ದರೆ ನೆಮ್ಮದಿ. ಒಂದೇ ಹೆಸರಿನ ಮಾದರಿಯೊಳಗೆ ಈ ಮೂರೂ ಇರಬಹುದು ಎಂಬುದೇ ತೊಡಕು. ಹೊರಗಿನ ಚಿಪ್ಪು ಒಂದೇ, ಪರದೆ ಬೇರೆ. ಹೆಸರು ನೋಡಿ ಕೊಂಡರೆ ಕುದುರೆ ಬಾಲಕ್ಕೆ ದುಡ್ಡು ಕಟ್ಟಿದ ಹಾಗೆ. ಬಣ್ಣಕ್ಕೆ ಬೇರೆ ಅಳತೆ. ವಿವರ ಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಬರೆದಿದ್ದರೆ ಅದು ಅಗ್ಗದ ಪರದೆಯ ಗುರುತು. ಎನ್‌ಟಿಎಸ್‌ಸಿ ಅಂದರೆ ಅಮೆರಿಕದವರು 1953ರಲ್ಲಿ ಬಣ್ಣದ ಟಿವಿಗೆಂದು ಮಾಡಿಕೊಂಡ ಅಳತೆ. ನಮ್ಮ ದೆಹಲಿಗೆ ಕಪ್ಪುಬಿಳುಪಿನ ಟಿವಿ ಬಂದದ್ದೇ 1959ರಲ್ಲಿ. ಅಷ್ಟು ಹಳೆಯ ಕೋಲನ್ನು ಇವತ್ತಿಗೂ ಹಿಡಿದಿದ್ದಾರೆ! 72% ಎಂದಿದ್ದರೆ ಒಳ್ಳೆಯದು, ‘100% ಎಸ್‌ಆರ್‌ಜಿಬಿ’ ಎಂದರೂ ಹೆಚ್ಚುಕಡಿಮೆ ಅದೇ. ನನಗೆ ಬಣ್ಣದಿಂದ ಏನಾಗಬೇಕು ಎಂದುಕೊಂಡಿದ್ದೆ. ಆದರೆ ಮೂಲಪತ್ರದ ಫೋಟೋ ತೆರೆದಾಗ, ಒಂದು ಪರದೆಯಲ್ಲಿ ನೇರಳೆ ಮೊಹರಿನ ಕೆಳಗೆ ನೀಲಿ ಶಾಯಿಯ ಸಹಿ ಬಿಡಿಯಾಗಿ ಕಂಡಿತು, ಇನ್ನೊಂದರಲ್ಲಿ ಎರಡೂ ಕಲಸಿ ಕೆಸರು.

ಆಮೇಲೆ ಓರೆನೋಟ. ನನ್ನ ಮೇಜಿನ ಎಡಕ್ಕೆ ಕೊಳ್ಳುವವರು, ಬಲಕ್ಕೆ ಮಾರುವವರು, ಹಿಂದೆ ಸಾಕ್ಷಿಗಳು. ಎಲ್ಲರೂ ಒಂದೇ ಪರದೆಗೆ ಕಣ್ಣು ನೆಡಬೇಕು. ನನ್ನ ಹಳೆಯದು ಟಿಎನ್ ಜಾತಿಯದು. ಮುಚ್ಚಳ ನಾಲ್ಕು ಬೆರಳು ಹಿಂದಕ್ಕೆ ಬಾಗಿದರೆ ಬಣ್ಣವೆಲ್ಲ ಮಗುಚುತ್ತಿತ್ತು, ನಿಂತವರಿಗೆ ಒಂದು, ಕೂತವರಿಗೆ ಒಂದು. ಐಪಿಎಸ್ ಜಾತಿಯದರಲ್ಲಿ ಈ ಕಾಟವಿಲ್ಲ. ಅಂಗಡಿಯವ ಹೆಮ್ಮೆಯಿಂದ ಇನ್ನೊಂದು ತೋರಿಸಿದ: ಗುಂಡಿ ಒತ್ತಿದರೆ ಪಕ್ಕದವರಿಗೆ ಏನೂ ಕಾಣದ ಗುಟ್ಟಿನ ಪರದೆ. ಬ್ಯಾಂಕಿನವರಿಗೆ, ವಿಮಾನದಲ್ಲಿ ಕೂತು ಕೆಲಸ ಮಾಡುವವರಿಗೆ ಅದು ವರವೇ ಇರಬಹುದು. ನಾನು ಅದನ್ನಿಟ್ಟುಕೊಂಡು ಕ್ರಯಪತ್ರ ತೋರಿಸಿದರೆ ಎರಡೂ ಕಡೆಯವರು ನನ್ನನ್ನು ಹೊಡೆಯುತ್ತಾರೆ.

ಬಿಳಿ ಪುಟ, ಕಪ್ಪು ಪುಟ ಕೆಲಸಕ್ಕೆ ಬಂದದ್ದು ಪರದೆಯ ಕಲೆ ಹುಡುಕಲು. ಬಿಳಿ ಪುಟ ತೆರೆದರೆ ಚೀಲದಲ್ಲಿ ಒತ್ತಿ ಒತ್ತಿ ಬಂದ ಮಚ್ಚೆ, ಸಾಲಾಗಿ ಕೀಲಿಗಳ ಅಚ್ಚು, ಸತ್ತ ಚುಕ್ಕೆ ಕಾಣುತ್ತವೆ. ಕಪ್ಪು ಪುಟದಲ್ಲಿ ಅಂಚಿನಿಂದ ಸೋರುವ ಬೆಳಕು, ಆರದ ಚುಕ್ಕೆ. ಅಂಚಿನ ಸೋರಿಕೆ ನನಗೆ ಲೆಕ್ಕಕ್ಕಿಲ್ಲ, ನಾನೇನು ರಾತ್ರಿ ಸಿನಿಮಾ ನೋಡುವವನಲ್ಲ. ನಡುವೆ ಮಚ್ಚೆಯಿದ್ದದ್ದನ್ನು ಮಾತ್ರ ಹಿಂದಕ್ಕೆ ಕೊಟ್ಟೆ.

ಒಂದು ಪರೀಕ್ಷೆಯನ್ನು ಮರೆಯುವುದರಲ್ಲಿದ್ದೆ. ಹೊಳಪನ್ನು ಕಾಲುಭಾಗಕ್ಕೆ ಇಳಿಸಿ, ಬಿಳಿ ಪುಟದ ಮುಂದೆ ಪೆನ್ನನ್ನು ಬೀಸಣಿಗೆಯ ಹಾಗೆ ಜೋರಾಗಿ ಆಡಿಸುವುದು. ಪೆನ್ನು ಒಂದೇ ಮಸುಕಾಗಿ ಕಂಡರೆ ಸರಿ. ಬಿಡಿಬಿಡಿಯಾಗಿ ಐದಾರು ಪೆನ್ನು ಕಂಡರೆ ಹಿಂಬದಿಯ ದೀಪ ಆರಿ ಹತ್ತಿ ಆಡುತ್ತಿದೆ ಎಂದರ್ಥ. ಎಲ್ಲರಿಗೂ ಅದು ತೊಂದರೆ ಕೊಡುವುದಿಲ್ಲ. ನನಗೆ ಸಂಜೆಯ ಹೊತ್ತಿಗೆ ಹಣೆ ಸಿಡಿಯುತ್ತದೆ. ಇದನ್ನು ನೋಡಿದ ಅಂಗಡಿಯವ ಈ ಸಲ ನಗಲಿಲ್ಲ, ತಾನೂ ಒಂದು ಪೆನ್ನು ತಂದು ಪಕ್ಕದ ಯಂತ್ರದ ಮುಂದೆ ಆಡಿಸಿದ.

ಮೂರನೇ ಅಂಗಡಿಯಲ್ಲಿ 14 ಇಂಚಿನದೊಂದು ಸಿಕ್ಕಿತು. 1920×1080, ಐಪಿಎಸ್, ಹೊಳಪಿಲ್ಲದ ಮೈ, ಬಾಗಿಲಲ್ಲಿ ನಿಂತರೂ ೬೯ ಎಂದರೆ ೬೯. ಪ್ರೊಸೆಸರ್ ಎರಡು ತಲೆಮಾರು ಹಳೆಯದು, ಮುಚ್ಚಳದ ಮೂಲೆಯಲ್ಲಿ ಯಾವುದೋ ಕಂಪನಿಯ ಅಂಟುಪಟ್ಟಿಯ ಗುರುತು. ಪಕ್ಕದಲ್ಲೇ ಅದೇ ಬೆಲೆಗೆ ಇನ್ನೂ ಚುರುಕಾದದ್ದು, ಮಂಕು ಪರದೆಯದು ಇತ್ತು. ದಸ್ತಾವೇಜು ಟೈಪ್ ಮಾಡಲು ಎಷ್ಟು ಚುರುಕು ಬೇಕು? ಒಳ್ಳೆಯ ಪರದೆಯ ಹಳೆಯದನ್ನೇ ತಂದೆ.

ತಾಳೆ ನೋಡುವಾಗ ಈಗ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸುವುದು ತಪ್ಪಿದೆ. ಆದರೂ ಚೆಕ್ಕುಬಂದಿಯಲ್ಲಿ ಅಂಕೆಯ ಪಕ್ಕ ಅಕ್ಷರದಲ್ಲೂ ಬರೆಯುತ್ತೇನೆ: ಪಶ್ಚಿಮಕ್ಕೆ ಸರ್ವೆ ನಂಬರ್ ೬೯ (ಅರವತ್ತೊಂಬತ್ತು).