ಚೀಲ ಬಿಚ್ಚುವ ಮೊದಲು: ಕಡಲತೀರ ಸ್ವಚ್ಛ ಮಾಡಹೊರಟವರಿಗೆ ಒಂಬತ್ತು ಸೂತ್ರಗಳು

ಮಳೆಗಾಲ ಮುಗಿದು ಕಡಲು ತಣ್ಣಗಾಗುತ್ತಿದ್ದಂತೆ ನಮ್ಮ ಕರಾವಳಿಯಲ್ಲಿ ಬೀಚ್ ಸ್ವಚ್ಛತೆಯ ಬ್ಯಾನರುಗಳು ಏಳುತ್ತವೆ. ಹುಮ್ಮಸ್ಸಿಗೆ ಬರವಿಲ್ಲ, ಜನರಿಗೂ ಬರವಿಲ್ಲ. ಆದರೂ ಹೆಚ್ಚಿನ ತಂಡಗಳು ದೀಪಾವಳಿ ಬರುವಷ್ಟರಲ್ಲಿ ಕರಗಿಹೋಗಿರುತ್ತವೆ. ಹಲವು ವರ್ಷ ಭಾನುವಾರದ ಬೆಳಗುಗಳನ್ನು ಮರಳಿನಲ್ಲಿ ಕಳೆದ ಮೇಲೆ, ಉಳಿಯುವ ತಂಡ ಯಾವುದು, ಚದುರುವ ತಂಡ ಯಾವುದು ಎಂಬುದು ಒಂದಿಷ್ಟು ಗೊತ್ತಾಗಿದೆ. ಅದನ್ನು ಇಲ್ಲಿ ಹೇಳುತ್ತಿದ್ದೇನೆ.

1. ಕಸ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ.
ನಮ್ಮ ಮೊದಲ ಭಾನುವಾರ ನಲವತ್ತು ಗೋಣಿಚೀಲ ತುಂಬಿಸಿ ಗಾಳಿಮರದ ಬುಡದಲ್ಲಿ ಸಾಲಾಗಿ ಇಟ್ಟು, ಹೆಮ್ಮೆಯಿಂದ ಮನೆಗೆ ಹೋದೆವು. ಬರಬೇಕಿದ್ದ ಗಾಡಿ ಬರಲಿಲ್ಲ. ನಾಯಿಗಳು ಚೀಲ ಹರಿದವು, ಹುಣ್ಣಿಮೆಯ ಭರತಕ್ಕೆ ಅರ್ಧ ಕಸ ಮತ್ತೆ ಕಡಲಿಗೇ ಇಳಿಯಿತು. ಅಂದಿನಿಂದ ಗಾಡಿಯವರ ಜೊತೆ ಮಾತಾಗದೆ ನಾವು ಚೀಲ ಬಿಚ್ಚುವುದಿಲ್ಲ. ಉಡುಪಿ ಜಿಲ್ಲೆಯವರಿಗೆ ಇಲ್ಲಿ ಒಂದು ಅನುಕೂಲವಿದೆ. ವಂಡ್ಸೆಯಂಥ ಗ್ರಾಮ ಪಂಚಾಯಿತಿಗಳು ಒಣಕಸ ಬೇರ್ಪಡಿಸುವ ಘಟಕಗಳನ್ನು ನಡೆಸಿಕೊಂಡು ಬಂದಿವೆ. ಕಾರ್ಕಳದ ನಿಟ್ಟೆಯಲ್ಲಿ ಹತ್ತಾರು ಪಂಚಾಯಿತಿಗಳ ಒಣಕಸಕ್ಕೆಂದೇ ದೊಡ್ಡ ಘಟಕ ಬಂದಿದೆ. ವಾರ ಮೊದಲೇ ಪಂಚಾಯಿತಿಗೆ ಹೋಗಿ ಯಾವ ಕಸ ತೆಗೆದುಕೊಳ್ಳುತ್ತೀರಿ, ಹೇಗೆ ವಿಂಗಡಿಸಿ ಕೊಡಬೇಕು ಎಂದು ಕೇಳಿ ಬನ್ನಿ. ಮರಳು ಮೆತ್ತಿದ ಒದ್ದೆ ಪ್ಲಾಸ್ಟಿಕ್ ಯಾರಿಗೂ ಬೇಡ. ಕೊಡವಿ, ಒಣಗಿಸಿ ಕೊಟ್ಟರೆ ಮುಂದಿನ ವಾರವೂ ಗಾಡಿ ಬರುತ್ತದೆ.

2. ಒಂದೇ ಜಾಗ ಹಿಡಿಯಿರಿ, ಬಿಡಬೇಡಿ.
ಈ ವಾರ ಮಲ್ಪೆ, ಮುಂದಿನ ವಾರ ಮರವಂತೆ, ಅದರ ಮುಂದಿನ ವಾರ ಕಾಪು ಎಂದು ಸುತ್ತಬೇಡಿ. ಐನೂರು ಮೀಟರ್ ಸಾಕು. ಮುಂಬಯಿಯ ವರ್ಸೋವಾ ಕಡಲತೀರವನ್ನು ನೆನಪಿಸಿಕೊಳ್ಳಿ. 2015ರ ಅಕ್ಟೋಬರ್‌ನಲ್ಲಿ ವಕೀಲ ಅಫ್ರೋಜ್ ಷಾ ಮತ್ತು ಅವರ ನೆರೆಯ ಹಿರಿಯರೊಬ್ಬರು, ಇಬ್ಬರೇ ಕಸ ಹೆಕ್ಕಲು ಇಳಿದರು. ವಾರ ತಪ್ಪಿಸಲಿಲ್ಲ, ಜಾಗ ಬದಲಿಸಲಿಲ್ಲ. ಜನ ತಾವಾಗಿ ಸೇರುತ್ತ ಹೋದರು. 2016ರಲ್ಲಿ ಷಾ ಅವರಿಗೆ ವಿಶ್ವಸಂಸ್ಥೆಯ ‘ಚಾಂಪಿಯನ್ಸ್ ಆಫ್ ದಿ ಅರ್ಥ್’ ಗೌರವ ಬಂತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2018ರ ಮಾರ್ಚ್‌ನ ಸುದ್ದಿ: ಕಸದ ದಿಬ್ಬವಾಗಿದ್ದ ಅದೇ ಮರಳಿನಿಂದ ಆಲಿವ್ ರಿಡ್ಲಿ ಕಡಲಾಮೆಯ ಮರಿಗಳು ಎದ್ದು ನೀರಿಗೆ ನಡೆದವು.

3. ಗಡಿಯಾರಕ್ಕಿಂತ ಮೊದಲು ಇಳಿತ ನೋಡಿ.
ಎಲ್ಲರಿಗೂ ಅನುಕೂಲವೆಂದು ಎಂಟು ಗಂಟೆ ನಿಗದಿ ಮಾಡುತ್ತೇವೆ. ಆ ಹೊತ್ತಿಗೆ ಭರತವಿದ್ದರೆ ಕಸವೆಲ್ಲ ಅಲೆಯಲ್ಲಿ ತೇಲುತ್ತಿರುತ್ತದೆ, ಅದರ ಹಿಂದೆ ಮಕ್ಕಳು ನೀರಿಗಿಳಿಯುತ್ತಾರೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಲ್ಲಿನ ಮೀನುಗಾರರನ್ನು ಕೇಳಿದರೆ ಯಾವ ಭಾನುವಾರ ಎಷ್ಟು ಹೊತ್ತಿಗೆ ಇಳಿಯಬಹುದು ಎಂದು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಾರೆ. ಅಲೆ ಬಿಟ್ಟುಹೋದ ಗೆರೆಯ ಉದ್ದಕ್ಕೂ ಕಸ ಮಾಲೆ ಕಟ್ಟಿದಂತೆ ಬಿದ್ದಿರುತ್ತದೆ. ಅಲ್ಲಿಂದ ಶುರು ಮಾಡಿ. ಜೂನ್, ಜುಲೈನ ತೂಫಾನಿನಲ್ಲಿ ಮಾತ್ರ ನೀರಿನ ಹತ್ತಿರ ಯಾರನ್ನೂ ಬಿಡಬೇಡಿ.

4. ಕೈ ಕಾಲು ಕಾಪಾಡಿಕೊಳ್ಳಿ.
ದಪ್ಪ ಕೈಗವಸು, ಮುಚ್ಚಿದ ಚಪ್ಪಲಿ ಅಥವಾ ಬೂಟು, ಟೋಪಿ, ಕುಡಿಯುವ ನೀರು. ಸೂಜಿ ಸಿಕ್ಕರೆ ಕೈಯಲ್ಲಿ ಮುಟ್ಟದೆ ಇಕ್ಕಳದಿಂದ ಎತ್ತಿ ಮುಚ್ಚಳವಿರುವ ಗಟ್ಟಿ ಬಾಟಲಿಗೆ ಹಾಕಿ. ಟಿಟಿ ಇಂಜೆಕ್ಷನ್ ಆಗಿದೆಯೇ ಎಂದು ಎಲ್ಲರನ್ನೂ ಕೇಳಿ. ಮಳೆಗಾಲದ ಹೊಸ್ತಿಲಲ್ಲಿ ದಡಕ್ಕೆ ಬರುವ ಡಾಂಬರಿನಂಥ ಉಂಡೆ ಕಾಲಿಗೆ ಮೆತ್ತಿದರೆ ತೆಂಗಿನೆಣ್ಣೆ ಹಚ್ಚಿ ಒರೆಸಿ.

5. ಹೂತ ಬಲೆಯನ್ನು ಎಳೆಯಬೇಡಿ.
ಮರಳಿನಿಂದ ಒಂದು ಗೇಣು ಹಸಿರು ನೈಲಾನ್ ಕಂಡರೆ ಹುಡುಗರು ಹತ್ತು ಮಂದಿ ಸೇರಿ ಹಗ್ಗ ಜಗ್ಗಿದಂತೆ ಜಗ್ಗುತ್ತಾರೆ. ಒದ್ದೆ ಮರಳು ಹೊತ್ತ ಬಲೆ ಅಲುಗುವುದಿಲ್ಲ; ಬೆನ್ನು ಹಿಡಿದುಕೊಳ್ಳುತ್ತದೆ, ಬಲೆ ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ. ಹಾರೆಯಿಂದ ಸುತ್ತ ಮರಳು ಬಿಡಿಸಿ, ಕತ್ತಿಯಿಂದ ತುಂಡು ತುಂಡಾಗಿ ಕೊಯ್ದು ತೆಗೆಯಿರಿ. ಒಂದು ಬಲೆಗೆ ಒಂದು ಬೆಳಗು ಹೋದರೂ ಹೋಗಲಿ. ಕಡಲಿಗೆ ಮರಳಿದರೆ ಅದು ಮೀನು, ಆಮೆಗಳನ್ನು ಹಿಡಿಯುತ್ತಲೇ ಇರುತ್ತದೆ.

6. ಥರ್ಮೋಕೋಲಿಗೆ ಬಕೆಟ್ ಹಿಡಿಯಿರಿ.
ಮೀನಿನ ಪೆಟ್ಟಿಗೆಗಳು ಒಡೆದು ಸಾಬಕ್ಕಿಯಂಥ ಕಾಳಾಗಿ ಮರಳಿನಲ್ಲಿ ಬೆರೆತಿರುತ್ತವೆ. ಬೆರಳಲ್ಲಿ ಹೆಕ್ಕಿ ಮುಗಿಯದು. ಅರ್ಧ ಬಕೆಟ್ ಸಮುದ್ರದ ನೀರಿಗೆ ಆ ಮರಳು ಸುರಿದು ಕಲಕಿ. ಮರಳು ತಳಕ್ಕೆ, ಕಾಳು ಮೇಲಕ್ಕೆ. ಜರಡಿಯಲ್ಲಿ ಎತ್ತಿಕೊಳ್ಳಿ. ಮಕ್ಕಳಿಗೆ ಕೊಡಲು ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

7. ಕಡಲಿನದ್ದನ್ನು ಕಡಲಿಗೆ ಬಿಡಿ.
ಪಾಚಿ, ಚಿಪ್ಪು, ತೇಲಿಬಂದ ಮರದ ತುಂಡು ಕಸವಲ್ಲ. ಮರಳನ್ನು ಹಿಡಿದು ನಿಲ್ಲಿಸುವ ಅಡುಂಬು ಬಳ್ಳಿಯನ್ನು ಕೀಳಲೇಬೇಡಿ. ಚಳಿಗಾಲದಲ್ಲಿ ನೀರಿನಿಂದ ದಿಬ್ಬದವರೆಗೆ ಟ್ರ್ಯಾಕ್ಟರ್ ಚಕ್ರದಂಥ ಗುರುತು ಕಂಡರೆ ಅಲ್ಲಿ ಆಮೆ ಮೊಟ್ಟೆ ಇಟ್ಟಿರಬಹುದು. ಅಗೆಯದೆ, ಗುರುತು ಅಳಿಸದೆ ಅರಣ್ಯ ಇಲಾಖೆಗೆ ತಿಳಿಸಿ.

8. ಎಣಿಸಿ ಬರೆದಿಡಿ.
ಇಷ್ಟು ಟನ್ ಎತ್ತಿದೆವು ಎಂಬ ಲೆಕ್ಕದಲ್ಲಿ ಅರ್ಧ ಮರಳು, ನೀರು ಇರುತ್ತದೆ. ಯಾವ ವಸ್ತು ಎಷ್ಟು ಎಂಬುದು ಬೇಕು. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಇಬ್ಬರು ಮಹಿಳೆಯರು ಶುರುಮಾಡಿದ ತೀರ ಸ್ವಚ್ಛತೆ ಇಂದು ಪ್ರತಿ ಸೆಪ್ಟೆಂಬರ್‌ನ ಮೂರನೇ ಶನಿವಾರ ಜಗತ್ತಿನ ಅನೇಕ ದೇಶಗಳಲ್ಲಿ ನಡೆಯುತ್ತದೆ. ಹೆಕ್ಕಿದ್ದನ್ನೆಲ್ಲ ಬಗೆಬಗೆಯಾಗಿ ಎಣಿಸುವುದು ಅಲ್ಲಿ ಮೊದಲಿನಿಂದಲೂ ಇದ್ದ ಕ್ರಮ. ಸಿಗರೇಟಿನ ತುದಿ ವರ್ಷಗಳ ಕಾಲ ಮೊದಲ ಸ್ಥಾನದಲ್ಲಿತ್ತು ಎಂದು ಗೊತ್ತಾದದ್ದು ಹಾಗೆಯೇ. ಹತ್ತಿಯಂತೆ ಕಾಣುವ ಆ ತುದಿಯೂ ಒಂದು ಬಗೆಯ ಪ್ಲಾಸ್ಟಿಕ್ಕೇ. ನಮ್ಮ ಪುಸ್ತಕದಲ್ಲಿ ಗುಟ್ಕಾ ಚೀಟಿ, ನೀರಿನ ಬಾಟಲಿ, ಚಪ್ಪಲಿ, ಹಗ್ಗದ ತುಂಡು, ಔಷಧ ಬಾಟಲಿ ಎಂದು ಐದು ಕಾಲಂ ಇವೆ. ಆರು ತಿಂಗಳ ಪುಟಗಳನ್ನು ಮುಂದಿಟ್ಟು ಪಂಚಾಯಿತಿ ಸಭೆಯಲ್ಲಿ ಮಾತಾಡಿದ ದಿನ ನಮ್ಮನ್ನು ಕೂರಿಸಿ ಕೇಳಿದರು.

9. ಮೇ ತಿಂಗಳಲ್ಲಿ ತೋಡಿಗೆ ಇಳಿಯಿರಿ.
ಹೇಳಲೇಬೇಕಾದ ಮಾತು ಇದು. ದಡದ ಕಸದಲ್ಲಿ ಬಹುಪಾಲು ಪೇಟೆಯ ಚರಂಡಿ, ತೋಡು, ಹೊಳೆ, ಅಳಿವೆ ದಾಟಿ ಬಂದದ್ದು. ಮುಂಗಾರಿನ ಮೊದಲ ಜಡಿಮಳೆಗೆ ಆರು ತಿಂಗಳ ಕಸ ಒಂದೇ ರಾತ್ರಿ ಕಡಲು ಸೇರುತ್ತದೆ, ಆಮೇಲೆ ಅಲೆ ಅದನ್ನು ದಡಕ್ಕೆ ಎಸೆಯುತ್ತದೆ. ತೋಡು ಒಣಗಿರುವ ಮೇ ತಿಂಗಳಲ್ಲಿ ನಾಲ್ಕು ಬೆಳಗು ಅಲ್ಲಿ ಇಳಿದರೆ ಸೆಪ್ಟೆಂಬರ್‌ನ ಎಷ್ಟೋ ಭಾನುವಾರಗಳ ಕೆಲಸ ಕಡಿಮೆಯಾಗುತ್ತದೆ. ಅಲ್ಲಿ ಫೋಟೊಕ್ಕೆ ಸೂರ್ಯಾಸ್ತವಿಲ್ಲ, ವಾಸನೆ ಇದೆ, ಬರುವವರು ಕಡಿಮೆ, ಆದರೂ ಕರೆಯಿರಿ. ಘಟ್ಟದ ಬುಡದ ನೆಂಟರಿಷ್ಟರನ್ನೂ ಸೇರಿಸಿಕೊಳ್ಳಿ. ಅಲ್ಲಿನ ಸ್ನಾನಘಟ್ಟಗಳಲ್ಲಿ ಮಿಂದವರು ಹೊಳೆಗೆ ಬಿಡುವ ಪಂಚೆ, ಸೀರೆಗಳು ಬಂಡೆಗೆ ಸುತ್ತಿಕೊಂಡು ಕಲ್ಲಿನಷ್ಟು ಭಾರವಾಗಿರುತ್ತವೆ; ನೀರು ಇಳಿದಾಗಲೇ ಕೊಯ್ದು ತೆಗೆಯಬೇಕು. ಸ್ನಾನಘಟ್ಟದ ಮೆಟ್ಟಿಲ ಬಳಿ ಒಂದು ದೊಡ್ಡ ಬುಟ್ಟಿ ಇಟ್ಟು, ಬಟ್ಟೆ ಇದರಲ್ಲಿ ಬಿಡಿ ಅಮ್ಮ ಎಂದು ಕೈಮುಗಿದು ಹೇಳಲು ಒಬ್ಬರನ್ನು ನಿಲ್ಲಿಸಿ. ಹೆಚ್ಚಿನವರು ಬುಟ್ಟಿಯಲ್ಲೇ ಬಿಡುತ್ತಾರೆ.

ಬಲೆಯ ಕಸವನ್ನೂ ಹೀಗೆಯೇ ಮೂಲದಲ್ಲಿ ತಡೆಯಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ದೋಣಿಗಳು ದಕ್ಕೆಯಲ್ಲಿರುತ್ತವೆ, ಬಲೆ ಹೆಣೆಯುವವರು ನೆರಳಿನಲ್ಲಿ ಕುಳಿತಿರುತ್ತಾರೆ. ಆಗ ಹೋಗಿ, ಕತ್ತರಿಸಿದ ಬಲೆಯ ಚೂರು ಹಾಕಲು ಒಂದು ಡ್ರಮ್ ಇಟ್ಟು ಬನ್ನಿ. ತುಂಬಿದಾಗ ಫೋನ್ ಮಾಡಿ ಎಂದು ನಿಮ್ಮ ನಂಬರ್ ಅದರ ಮೇಲೆ ಬರೆದಿರಲಿ.