ಆಟಗಾರರಿಗೇಕೆ ರಾಜಕೀಯ?

ಪ್ರಶ್ನೆ: ಆಟಗಾರರು ಪ್ರತಿಭಟನೆಗೆ ಇಳಿದರೆ ‘ಆಟದಲ್ಲಿ ರಾಜಕೀಯ ತರಬೇಡಿ’ ಎಂದು ಬೈಯುತ್ತಾರೆ. ಎಷ್ಟೋ ವರ್ಷಗಳ ಮೇಲೆ ಅವರನ್ನೇ ಕೊಂಡಾಡುತ್ತಾರೆ. ಏಕೆ ಹೀಗೆ?

ಉತ್ತರ: 1968ರ ಅಕ್ಟೋಬರ್ 16, ಮೆಕ್ಸಿಕೊ ಸಿಟಿ ಒಲಿಂಪಿಕ್ಸ್. 200 ಮೀಟರ್ ಓಟವನ್ನು 19.83 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದ ಟಾಮಿ ಸ್ಮಿತ್, ಕಂಚು ಗೆದ್ದ ಜಾನ್ ಕಾರ್ಲೋಸ್ ಇಬ್ಬರೂ ಶೂ ಕಳಚಿ, ಬರೀ ಕಪ್ಪು ಸಾಕ್ಸ್‌ನಲ್ಲಿ ಪದಕದ ಕಟ್ಟೆ ಹತ್ತಿದರು. ಅಮೆರಿಕದ ಕಪ್ಪುಜನರ ಬಡತನಕ್ಕೆ ಅದು ಗುರುತು. ರಾಷ್ಟ್ರಗೀತೆ ಮೊಳಗುವಾಗ ಕಪ್ಪು ಗ್ಲೌಸ್ ತೊಟ್ಟ ಮುಷ್ಟಿ ಎತ್ತಿ ಪ್ರತಿಭಟಿಸುವುದು ಅವರ ಯೋಜನೆ. ಆದರೆ ಕಾರ್ಲೋಸ್ ಗ್ಲೌಸ್ ಮರೆತು ಬಂದಿದ್ದರು. ಇದ್ದ ಒಂದೇ ಜೊತೆಯನ್ನು ಹಂಚಿಕೊಂಡರು. ಹಾಗಾಗಿ ಒಬ್ಬರ ಬಲಗೈ ಮೇಲೆದ್ದಿತು, ಇನ್ನೊಬ್ಬರ ಎಡಗೈ. ಹಂಚಿಕೊಳ್ಳಿ ಎಂದವರು ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್. ಬಿಳಿಯರಾದ ಅವರೂ ಆ ಇಬ್ಬರಂತೆ ಎದೆಗೆ ಮಾನವ ಹಕ್ಕು ಚಳವಳಿಯ ಬ್ಯಾಡ್ಜ್ ಸಿಕ್ಕಿಸಿಕೊಂಡಿದ್ದರು.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್ ಕೆರಳಿದರು. ಅವರಿಬ್ಬರನ್ನು ಹೊರಗೆ ಹಾಕದಿದ್ದರೆ ಇಡೀ ಅಮೆರಿಕ ತಂಡಕ್ಕೇ ಗೇಟ್‌ಪಾಸ್ ಎಂದು ಬೆದರಿಕೆ ಹೋಯಿತು. ಆಟಕ್ಕೆ ರಾಜಕೀಯ ಸೋಂಕಬಾರದು ಎಂಬುದು ಅವರ ವಾದ. ಇದೇ ಮಹಾಶಯರು 1936ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಯ ಮುಖ್ಯಸ್ಥರಾಗಿದ್ದರು. ಬರ್ಲಿನ್‌ನ ಪದಕದ ಕಟ್ಟೆಯಲ್ಲಿ ಜರ್ಮನ್ನರು ನಾಜಿ ಸೆಲ್ಯೂಟ್ ಹೊಡೆದದ್ದಕ್ಕೆ ಅವರ ತಕರಾರು ಇರಲಿಲ್ಲ.

ಬಾವುಟ ಏರುವಲ್ಲಿ, ರಾಷ್ಟ್ರಗೀತೆ ಮೊಳಗುವಲ್ಲಿ ರಾಜಕೀಯ ಮೊದಲಿನಿಂದಲೂ ಇದೆ. ಅದು ನಮಗೆ ಒಗ್ಗಿಹೋಗಿದೆ, ಅಷ್ಟೆ. ಒಗ್ಗದ ದನಿ ಎದ್ದಾಗ ಮಾತ್ರ ‘ಆಟದ ಪಾವಿತ್ರ್ಯ’ ನೆನಪಾಗುತ್ತದೆ. 2016ರಲ್ಲಿ ರಿಯೊದಿಂದ ಕಂಚು ತಂದಾಗ ದೇಶದ ಮಗಳಾಗಿದ್ದ ಕುಸ್ತಿಪಟು ಸಾಕ್ಷಿ ಮಲಿಕ್, 2023ರಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತಾಗ ಹಲವರ ಬಾಯಲ್ಲಿ ಯಾರದೋ ಕೈಗೊಂಬೆಯಾದರು.

ಇನ್ನು, ತಡವಾಗಿ ಬರುವ ಹೊಗಳಿಕೆ. ಅದು ಅಗ್ಗ, ಹೊಗಳುವವರಿಗೆ ಆಗ ಕಳೆದುಕೊಳ್ಳುವುದು ಏನೂ ಇರುವುದಿಲ್ಲ. ಸ್ಮಿತ್, ಕಾರ್ಲೋಸ್ ಕೊಲೆ ಬೆದರಿಕೆ ಎದುರಿಸಿದರು, ಕೆಲಸಕ್ಕೆ ಪರದಾಡಿದರು. ಅವರು ಓದಿದ ಸ್ಯಾನ್ ಹೋಸೆ ವಿಶ್ವವಿದ್ಯಾಲಯ 2005ರಲ್ಲಿ ಅವರ ಪ್ರತಿಮೆ ನಿಲ್ಲಿಸಿತು. ನಾರ್ಮನ್ ತೀರಿಕೊಂಡದ್ದು 2006ರಲ್ಲಿ. ತವರಿನಲ್ಲಿ ಅವರನ್ನು ನಡೆಸಿಕೊಂಡ ರೀತಿಗೆ ಆಸ್ಟ್ರೇಲಿಯಾದ ಸಂಸತ್ತು ಕ್ಷಮೆ ಕೇಳಿದ್ದು 2012ರಲ್ಲಿ!

ಹಾಗಂತ ಜನರ ಮನಸ್ಸು ಕದಲುವುದೇ ಇಲ್ಲವೆಂದಲ್ಲ. ಟೋಕಿಯೊ ಕ್ರೀಡಾಕೂಟ ನಡೆದ 2021ರಲ್ಲಿ, ಸ್ಪರ್ಧೆ ಶುರುವಾಗುವ ಮುನ್ನ ಮೈದಾನದಲ್ಲಿ ಮೊಣಕಾಲೂರಿ ಪ್ರತಿಭಟಿಸಲು ಒಲಿಂಪಿಕ್ ಸಮಿತಿಯೇ ಒಪ್ಪಿತು. ಪದಕದ ಕಟ್ಟೆಯ ಮೇಲೆ ಮಾತ್ರ ಆಗಲೂ ನಿಷೇಧವೇ.