ಕಣ್ಣಿಗೆ ಸುಣ್ಣ ಬಿದ್ದಾಗ

ನಮ್ಮ ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆ ಬಹು ಹಳೆಯದು. 1819ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಈ ಸಂಸ್ಥೆ ಇಂದಿಗೂ ಮಾರ್ಷಲ್ ರಸ್ತೆಯಲ್ಲಿ, ಅಂದರೆ ಈಗಿನ ರುಕ್ಮಿಣಿ ಲಕ್ಷ್ಮೀಪತಿ ಸಾಲೆಯಲ್ಲಿ, ಬಡವರ ಕಣ್ಣು ಕಾಯುತ್ತಿದೆ. ಆದರೂ ಅಲ್ಲಿಗೆ ಓಡುವುದಕ್ಕೆ ಮೊದಲೇ ನಾವು ಮಾಡಬೇಕಾದ ಕೆಲಸವೊಂದುಂಟು.

ಗಿರಣಿಯಲ್ಲಿ ಗೋಡೆಗೆ ಸುಣ್ಣ ಬಳಿಯುತ್ತಿದ್ದ ಆಳೊಬ್ಬನ ಕಣ್ಣಿಗೆ ಸುಣ್ಣ ಸಿಡಿಯಿತು. ನಾನು ಹಾಜರಿ ಪುಸ್ತಕ ಬಿಟ್ಟು ಆಟೋ ಹುಡುಕಲು ಓಡಿದೆ. ಇನ್ನೊಬ್ಬರು ತುಪ್ಪ ತರಲು ಹೋದರು. ಹತ್ತು ಹೆಜ್ಜೆಯಲ್ಲಿದ್ದ ನಲ್ಲಿ ಯಾರಿಗೂ ಹೊಳೆಯಲಿಲ್ಲ. “ನೀರಿನಿಂದ ತೊಳೆದಿರಾ?” ಎಂದು ವೈದ್ಯರು ಕೇಳಿದಾಗ ನಾನು ತಲೆ ತಗ್ಗಿಸಿದೆ. ಆ ಕಣ್ಣಿಗೆ ಈಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದೆ.

ಇಷ್ಟು ಅವಸರವೇಕೆ? ಆಮ್ಲವು ತಾಗಿದ ಕಡೆ ಕಣ್ಣಿನ ಮೇಲ್ಪದರವನ್ನು ಹೆಪ್ಪುಗಟ್ಟಿಸುತ್ತದೆ. ಆ ಹೆಪ್ಪೇ ಸ್ವಲ್ಪಮಟ್ಟಿಗೆ ತಡೆಯಾಗುತ್ತದೆ. ಸುಣ್ಣ, ಕಾಸ್ಟಿಕ್ ಸೋಡಾ, ಸಿಮೆಂಟು ಇವು ಕ್ಷಾರಗಳು. ಇವು ಜೀವಕೋಶಗಳ ಕೊಬ್ಬನ್ನು ಕರಗಿಸಿಕೊಂಡು ಒಳಗೊಳಗೇ ಇಳಿಯುತ್ತವೆ. ಉರಿ ತಗ್ಗಿದರೂ ನಾಶ ನಿಂತಿರುವುದಿಲ್ಲ. ಆದುದರಿಂದ ಇಲ್ಲಿ ಲೆಕ್ಕ ಗಂಟೆಗಳದಲ್ಲ, ಕ್ಷಣಗಳದು.

ಮಾಡಬೇಕಾದುದು ಇಷ್ಟು:

1. ಕಣ್ಣುಜ್ಜಬಾರದು. ರೆಪ್ಪೆ ಬಿಡಿಸಿ ಹಿಡಿದು ಕೂಡಲೇ ಶುದ್ಧ ನೀರು ಹುಯ್ಯಬೇಕು. ಕುಡಿಯುವ ನೀರು ಸಿಗದಿದ್ದರೆ ನಲ್ಲಿಯ ನೀರೇ ಸಾಕು.

2. ತೊಂದರೆಯಾದ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ, ಮೂಗಿನ ಕಡೆಯಿಂದ ಹೊರಕ್ಕೆ ನೀರು ಹರಿಸಬೇಕು. ಆಗ ಇನ್ನೊಂದು ಕಣ್ಣಿಗೆ ತಾಗದು.

3. ಸುಣ್ಣದ ಹರಳು ಕಂಡರೆ ಒದ್ದೆಯಾದ ಶುಭ್ರ ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆಯಬೇಕು.

4. ಕಡೆಯ ಪಕ್ಷ ಅರ್ಧ ಗಂಟೆ ತೊಳೆಯಬೇಕು. ತುಪ್ಪ, ಹರಳೆಣ್ಣೆ, ನಿಂಬೆರಸ, ಎದೆಹಾಲು ಯಾವುದೂ ಬೇಡ.

5. ಒಬ್ಬರು ತೊಳೆಯುತ್ತಿರುವಾಗಲೇ ಮತ್ತೊಬ್ಬರು 108ಕ್ಕೆ ಫೋನ್ ಮಾಡಲಿ. ನೋವು ನಿಂತರೂ ಆಸ್ಪತ್ರೆಗೆ ಹೋಗಲೇಬೇಕು.

ತಮಿಳು ಬಾರದವರು “ಕಣ್ಣುಲ ಸುಣ್ಣಾಂಬು ಪಟ್ಟಿಡುಚ್ಚು” ಎಂದರೆ ಸಾಕು, ಅರ್ಥವಾಗುತ್ತದೆ.

ಮನೆಯಲ್ಲಿ ಎಲೆ‌ಅಡಿಕೆ ಹಾಕುವವರು ಸುಣ್ಣದ ಪೊಟ್ಟಣವನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಮಗು ಅದನ್ನು ಹಿಸುಕಿದರೆ ಸುಣ್ಣ ನೇರವಾಗಿ ಕಣ್ಣಿಗೇ ಚಿಮ್ಮುತ್ತದೆ.

ಶೀಘ್ರವಾಗಿ ನೆರವಾಗುವುದೆಂದರೆ ಬರಿದೆ ಓಡುವುದಲ್ಲ, ಮೊದಲು ಮಾಡಬೇಕಾದುದನ್ನು ಮೊದಲು ಮಾಡುವುದು. ನೀವು ಕೆಲಸ ಮಾಡುವ ಕಡೆ ನಲ್ಲಿ ಎಲ್ಲಿದೆಯೆಂದು ನಾಳೆಯೇ ನೋಡಿಟ್ಟುಕೊಳ್ಳಿ.